ಕೂಡಿಸಿ ತಿಂದರೆ

ಒಂದು ಚೀಲದಲ್ಲಿ ಹಸಿರು ಬೂಷ್ಟು ಹತ್ತಿದ ಶೇಂಗಾ, ಇನ್ನೊಂದರಲ್ಲಿ ಮುಗ್ಗಿದ ಮೆಕ್ಕೆಜೋಳದ ಹಿಟ್ಟು. ಪ್ರೊಫೆಸರ್ ಬಾಯಿಯವರು ಎರಡನ್ನೂ ಕಾಲಿನಿಂದಲೇ ಅಡುಗೆಯ ದ್ಯಾಮವ್ವನ ಕಡೆ ಸರಿಸಿದರು. ತಿಪ್ಪೆಗೆ ಹಾಕುವುದಕ್ಕಿಂತ ಇವಳಿಗೆ ಕೊಟ್ಟರೆ ಪುಣ್ಯವಾದರೂ ಬರುತ್ತದೆ.

"ತಗೊಂಡ್ಹೋಗು. ನಿನ್ನ ಮಕ್ಕಳಿಗೆ ಆಗ್ತದ."

ದ್ಯಾಮವ್ವ ಬಗ್ಗಿ ಮೂಸಿ ನೋಡಿದಳು. "ಕಾಳು ಹಸರಾಗ್ಯಾವಲ್ರಿ ಅಕ್ಕಾರ."

"ತೊಳದು ಹುರಿ, ಹೋಗ್ತದ. ಆರಿಸಿ ತಿನ್ಲಿಕ್ಕೆ ಅವೇನು ಸಾಹೇಬ್ರ ಮಕ್ಕಳೇನು?"

"ಹಂಗಲ್ರಿ. ಎರಡೂ ಕೂಡಿಸಿ ತಿಂದ್ರ ಹುಡುಗರಿಗೆ ಏನೂ ಆಗಂಗಿಲ್ಲಲ್ರಿ?"

ಬಾಯಿಯವರಿಗೆ ನಗು ಬಂತು. ಅವರು ಡಾಕ್ಟರೇಟ್ ಪಡೆದದ್ದೇ ಈ ಪ್ರಶ್ನೆಯ ಮೇಲೆ. ಒಂದು ಬೂಷ್ಟಿನ ನಂಜನ್ನು ಲಿವರ್ ಹೇಗೋ ತಡೆದುಕೊಂಡೀತು, ಎರಡು ಜೊತೆಗೂಡಿದರೆ ಒಂದಕ್ಕೊಂದು ಬಲ ಕೊಟ್ಟು ಅದನ್ನು ಕೊರೆದುಹಾಕುತ್ತವೆ ಎಂದು ಮೊನ್ನೆಯಷ್ಟೇ ಸಭೆಯೊಂದರಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ಅದನ್ನೆಲ್ಲ ಈ ಹೆಬ್ಬೆಟ್ಟಿನವಳಿಗೆ ಯಾಕೆ ಬಿಡಿಸಿ ಹೇಳಬೇಕು?

"ನಿಮ್ಮ ಹೊಟ್ಟಿಗೇನು ಧಾಡಿ? ಕಲ್ಲು ತಿಂದ್ರೂ ಕರಗ್ತಾವ," ಎನ್ನುತ್ತ ಊಟಕ್ಕೆ ಕುಳಿತರು. ಬಿಸಿ ರೊಟ್ಟಿ ಮುರಿದು ಚಟ್ನಿಯಲ್ಲಿ ಹೊರಳಿಸಿ ಗಬಗಬನೆ ಉಂಡರು. "ಹೋದ ವಾರ ಒಯ್ದ ಕಾಳು, ಹಿಟ್ಟೂ ಹಿಂಗೇ ಇದ್ದುವಲ್ಲ. ನಿನ್ನ ಹುಡುಗ್ರಿಗೆ ಏನರ ಆತೇನು?"

"ಅವು ಎಲ್ಲಿ ತಿಂದಾವ್ರಿ? ಕಹಿ ಅಂತ ಉಗುಳಿಬಿಟ್ವು. ಚೆಲ್ಲಾಕ ನನಗ ಮನಸಾಗಲಿಲ್ಲ. ಕಾಳು ನಿಮ್ಮ ಚಟ್ನಿಗೆ ಕುಟ್ಟೀನಿ, ಹಿಟ್ಟು ನಿಮ್ಮ ರೊಟ್ಟಿಗೆ ಕಲಸೀನಿ. ಇನ್ನೊಂದು ಹಾಕ್ಲೇನ್ರಿ?"