ಒಂದನೇ ದರ್ಜೆಯ ಬೋರ್ಡು

ಹಳೇ ಕಂಪ್ಯೂಟರ್ ಬೋರ್ಡನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರೆ, ಅದು ಇದ್ದ ಮನೆಯಲ್ಲಿ ಕೊನೆಯ ಸಲ ಚಾಲೂ ಇದ್ದಾಗ ಕೇಳಿದ ಮಾತನ್ನು ಅದೇ ದನಿಯಲ್ಲಿ ಆಡುತ್ತದೆ. ನಾವು "ಹೂಂ" ಅಂದರೆ ಆ ಮಾತು ಅಳಿಸಿಹೋಗಿ ಬೋರ್ಡು ಒಂದನೇ ದರ್ಜೆಗೆ ಸೇರುತ್ತದೆ. ಮಾತು ಉಳಿದ ಬೋರ್ಡನ್ನು ಯಾರೂ ಕೊಳ್ಳುವುದಿಲ್ಲ.

ಗುಜರಿ ಗೋದಾಮಿನಲ್ಲಿ ನಾನೂ ಫರ್ಜಾನಾಳೂ ಎದುರುಬದುರು ಕೂತು ಇದೇ ಕೆಲಸ ಮಾಡುತ್ತೇವೆ.

"ಗ್ಯಾಸ್ ಆಫ್ ಮಾಡಿದ್ಯಾ?" ಎನ್ನುತ್ತದೆ ನನ್ನ ಕೈಯಲ್ಲಿನ ಬೋರ್ಡು.

"ಹೂಂ."

"ಬಾಗಿಲು ಹಾಕ್ಕೋ."

"ಹೂಂ."

"ಅಕ್ಕಾ, ನಿಮ್ಮ ಯಜಮಾನ್ರಿಗೂ ನೀವು ಇಷ್ಟು ಸಲ ಹೂಂ ಅಂದಿರಲಿಕ್ಕಿಲ್ಲ ಬಿಡಿ," ಎಂದು ಫರ್ಜಾನಾ ನಗುತ್ತಾಳೆ.

ನಮ್ಮ ಮಗಳು ಇಂಚರ ತೀರಿಕೊಂಡ ಮೇಲೆ ಯಜಮಾನರು ಅವಳ ಕಂಪ್ಯೂಟರನ್ನು ಗುಜರಿಗೆ ಹಾಕಿಬಿಟ್ಟರು. ಅದರ ಬೋರ್ಡು ಸಿಕ್ಕರೆ ಉತ್ತರ ಕೊಡದೆ ಮನೆಗೆ ಒಯ್ಯಬೇಕೆಂದೇ ನಾನು ಈ ಕೆಲಸಕ್ಕೆ ಸೇರಿದ್ದು.

ಇವತ್ತು, ಮನೆಯಲ್ಲಿ ನೆನೆಹಾಕಿ ಬಂದ ಅಕ್ಕಿಯ ಯೋಚನೆಯಲ್ಲೇ ಒಂದು ಬೋರ್ಡನ್ನು ಎತ್ತಿಕೊಂಡೆ.

"ಅಮ್ಮಾ, ತಲೆ ಬಾಚ್ತೀಯಾ?"

"ಹೂಂ," ಅಂದೆ.

ಅದು ಇಂಚರಳ ದನಿ ಎಂದು ತಿಳಿದದ್ದು ಆಮೇಲೆ. ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡೆ. ಬೋರ್ಡು ಬೆಚ್ಚಗಾಯಿತು, ಮಾತಾಡಲಿಲ್ಲ.

"ಯಾವ ದರ್ಜೆ ಅಕ್ಕಾ?" ಫರ್ಜಾನಾ ಕೈಚಾಚಿದಳು.

"ಒಂದನೇದು," ಎಂದು ಕೊಟ್ಟೆ.