ರೌಟರ್ ಒಲ್ಲೆನ್ನುವ ಇಯರ್‌ಫೋನ್

ಗಾಳಿ ಸದ್ದು ಹೊರುವುದನ್ನು ಬಿಟ್ಟ ಮೇಲೆ ಹುಬ್ಬಳ್ಳಿಯ ಮನೆಮನೆಯಲ್ಲೂ ಮಾತು ವೈಫೈ ಮೇಲೆಯೇ ಓಡಾಡುತ್ತಿತ್ತು. ಎಲ್ಲರ ಕೊರಳಿಗೊಂದು ಮೈಕು, ಕಿವಿಗೊಂದು ಇಯರ್‌ಫೋನು. ಇವತ್ತು ಬೆಳಿಗ್ಗೆಯಿಂದ ನೀಲಗಂಗಾಳ ಐದು ವರ್ಷದ ಮಗ ಈರಣ್ಣನ ಇಯರ್‌ಫೋನ್ ಕೆಟ್ಟಿತ್ತು. ಮೈಕ್ ಸರಿಯಿದ್ದುದರಿಂದ ಅವನ ದನಿಯೇನೋ ಅವಳಿಗೆ ಕೇಳುತ್ತಿತ್ತು.

“ಅವ್ವಾ, ಯಾಕ ಮಾತಾಡವಲ್ಲಿ? ಸಿಟ್ಟು ಬಂದೈತೇನು?”

“ಇಲ್ಲಪ್ಪಾ, ಮಾತಾಡಾಕತ್ತೀನಿ,” ಎಂದಳು. ಅವನು ಅವಳ ತುಟಿಗಳನ್ನೇ ನೋಡುತ್ತ ಅಳತೊಡಗಿದ.

ನೀಲಗಂಗಾ ರೌಟರ್ ಆರಿಸಿ ಮತ್ತೆ ಹಚ್ಚಿದಳು. ಇಯರ್‌ಫೋನನ್ನು ನೆಟ್‌ವರ್ಕಿನಿಂದ ತೆಗೆದು ಹೊಸದಾಗಿ ಸೇರಿಸಲು ನೋಡಿದಳು, ಪಾಸ್‌ವರ್ಡ್ ಬದಲಿಸಿದಳು. ಅದರ ಕೆಂಪು ದೀಪ ಹಸಿರಾಗಲೇ ಇಲ್ಲ. ಕೊನೆಗೆ ಸಹಾಯವಾಣಿಗೆ ಕರೆ ಮಾಡಿದಳು.

“ಅದು ಹಳೇ ಮಾಡೆಲ್ ಐತ್ರೀ ಅಕ್ಕಾರ. ನಿನ್ನೆ ಅಪ್‌ಡೇಟ್ ಆದ ಮ್ಯಾಲೆ ಯಾವ ರೌಟರೂ ಅದನ್ನ ತಗೊಳ್ಳಂಗಿಲ್ಲ,” ಎಂದಳು ಆ ಕಡೆಯ ಹುಡುಗಿ.

“ಹೊಸಾದು ಕೊಡ್ರಿ ಮತ್ತ.”

“ಹೊಸಾವು ಮಾಡೋದ ನಿಂತೈತ್ರೀ. ನಿಮ್ಮ ಇಯರ್‌ಫೋನ್ ನಡೀತೈತಲ್ರೀ, ಅದನ್ನ ನಿಮ್ಮ ಮಗನ ಹೆಸರಿಗೆ ಮಾಡಿಕೊಡ್ತೀನಿ. ಆದ್ರ ಒಮ್ಮೆ ಮಾಡಿದ್ರ ನಿಮಗ ವಾಪಸ್ ಬರಂಗಿಲ್ಲ.”

ನೀಲಗಂಗಾ ಸ್ವಲ್ಪ ಹೊತ್ತು ಮಗ ಬಿಕ್ಕುವುದನ್ನು ಕೇಳಿಸಿಕೊಂಡಳು. ಇನ್ನು ಅದೂ ಕೇಳುವುದಿಲ್ಲ.

“ಮಾಡ್ರಿ,” ಎಂದಳು.

ತನ್ನ ಇಯರ್‌ಫೋನ್ ತೆಗೆದು ಅವನ ಕಿವಿಗಿಟ್ಟು “ಈರಣ್ಣಾ” ಎಂದು ಕರೆದಳು. ಅವನ ಮುಖ ಅರಳಿತು. ಬೆಳಿಗ್ಗೆಯಿಂದ ಕೂಡಿಟ್ಟುಕೊಂಡಿದ್ದ ಪ್ರಶ್ನೆಗಳನ್ನೆಲ್ಲ ಒಂದೇ ಉಸಿರಿನಲ್ಲಿ ಕೇಳತೊಡಗಿದ. ಅವಳಿಗೆ ಒಂದು ಅಕ್ಷರವೂ ಕೇಳಲಿಲ್ಲ. ನಗುತ್ತ ಎಲ್ಲದಕ್ಕೂ “ಹೂಂ” ಎನ್ನುತ್ತ ಹೋದಳು.

ಒಮ್ಮೆ ಹಾಗೆ ಅಂದಾಗ ಅವನು ಮುಖ ಸಣ್ಣದು ಮಾಡಿಕೊಂಡು ಹಿಂದೆ ಸರಿದ. ಯಾವ ಮಾತಿಗೆ ತಾನು ಹೂಂ ಎಂದೆನೋ, ನೀಲಗಂಗಾಳಿಗೆ ಗೊತ್ತಾಗಲಿಲ್ಲ.