ಹಿಮ್ಮಡಿಯ ಐದು ಹನಿ

ನರ್ಸ್ ಸೂಜಿ ಕೈಗೆತ್ತಿಕೊಂಡ ಕೂಡಲೇ ರೇಣುಕಾ ಒಂದೂವರೆ ತಿಂಗಳ ಕೂಸನ್ನು ಎದೆಗವಚಿಕೊಂಡಳು. ತನ್ನ ಎಚ್‌ಐವಿ ಕೂಸಿಗೂ ಬಂದಿದೆಯೇ ಎಂದು ತಿಳಿಯಲು ಹಿಮ್ಮಡಿಯಿಂದ ಐದು ಹನಿ ರಕ್ತ ಬೇಕಿತ್ತು. ಕಾಮಾಲೆ ಪರೀಕ್ಷೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೊಸಪೇಟೆಯ ಆಸ್ಪತ್ರೆಗೆ ಬಂದಿದ್ದಳು. ಆದರೆ ಅತ್ತೆ ಪಕೀರಮ್ಮ ಜೊತೆಗೇ ಹೊರಟು ಬಂದು, ಈಗ ಪಕ್ಕದಲ್ಲೇ ನಿಂತಿದ್ದಳು.

“ಇವತ್ತು ಬ್ಯಾಡ್ರಿ ಸಿಸ್ಟರ್, ಮುಂದಿನ ವಾರ ಬರ್ತೀನಿ,” ಎಂದು ರೇಣುಕಾ ಎದ್ದಳು.

ಪಕೀರಮ್ಮ ಬಾಗಿಲಿಗೆ ಅಡ್ಡ ಬಂದಳು. “ಕುಂದ್ರು. ಅಕ್ಕಿ ಡಬ್ಬ್ಯಾಗ ನೀ ಮುಚ್ಚಿಟ್ಟ ಗುಳಿಗಿ ನಾ ಎಂದೋ ನೋಡೀನಿ. ನನ್ನ ಮಗ ಮಂದಿಗೆ ಅಂಜಿ ದವಾಖಾನಿಗೆ ಬರಲಿಲ್ಲ, ಉಳೀಲೂ ಇಲ್ಲ.”

ರೇಣುಕಾ ಮತ್ತೆ ಕುಳಿತಳು. ಪಕೀರಮ್ಮ ಕೂಸನ್ನು ಮೆಲ್ಲಗೆ ಬಿಡಿಸಿಕೊಂಡು, ತಾನೂ ಕುಳಿತು ಮಡಿಲಲ್ಲಿ ಮಲಗಿಸಿ, ಪುಟ್ಟ ಪಾದವನ್ನು ನರ್ಸಿನತ್ತ ಹಿಡಿದಳು.

“ಚುಚ್ಚ್ರಿ, ಸಿಸ್ಟರ್. ನನ್ನ ಮೊಮ್ಮಗಳಿಗೆ ತಡ ಆಗೋದು ಬ್ಯಾಡ.”